ಕುರ್ಚಿ ಕೇಳುವ ಕಿಟಕಿಯಕ್ಕ

“ಏಳಪ್ಪಾ ಏಳು, ಕಿಟಕಿಯಕ್ಕ ಬಂದ್ರು! ಕುರ್ಚಿ ಬಿಡ್ಲಿಲ್ಲ ಅಂದ್ರೆ ನಿನ್ನ ತೊಡೆ ಮೇಲೇ ಕೂತ್ಬಿಡ್ತಾರೆ.”

ಆಯಾ ಒಬ್ಬರು ಹೀಗೆ ರೇಗಿಸುತ್ತಿರುವುದು ಬಟ್ಟೆ ಒಗೆಯುವ ಯಂತ್ರ ನಡೆಸುವವನನ್ನು. ಬೆಳಗಿನ ಐದೂವರೆ. ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿ ಹಬೆ, ಸೋಪಿನ ವಾಸನೆ, ಗಡಗಡ ಉರುಳುವ ಗಾಡಿಗಳು. ನಲವತ್ತಾರರ ಹೆಂಗಸೊಬ್ಬರು ನಗುತ್ತಾ ಬಂದು ಅವನ ಕುರ್ಚಿಯಲ್ಲಿ ಕೂರುತ್ತಾರೆ. ಕಂಪ್ಯೂಟರ್ ಪರದೆಯ ನಾಲ್ಕೂ ಮೂಲೆಗೆ ಬೆರಳಿಟ್ಟು ನೋಡುತ್ತಾರೆ. “ನಿನ್ನ ಕನ್ನಡಕ ಕೊಡಪ್ಪ,” ಎಂದು ಅದನ್ನೂ ಏರಿಸಿಕೊಂಡು ಇನ್ನೊಮ್ಮೆ ನೋಡುತ್ತಾರೆ.

ಇವರು ಆಸ್ಪತ್ರೆಯ ಬಟ್ಟೆ ಉಗ್ರಾಣದ ಗುಮಾಸ್ತೆ. ಹತ್ತೊಂಬತ್ತು ವಾರ್ಡು, ದಿನಕ್ಕೆ ಸಾವಿರದ ನೂರು ಚಾದರ, ಆರುನೂರು ದಿಂಬಿನ ಕವರು. ಹಿಂದೆ ಎಲ್ಲವೂ ಹಾಳೆಯಲ್ಲಿ. ಒಂದು ಚಾದರ ಕಾಣೆಯಾದರೂ ಆಯಾಗಳ ಮೇಲೆ ಗೂಬೆ. ಅದನ್ನು ನೋಡಲಾಗದೆ, ಲೆಕ್ಕವನ್ನು ಕಂಪ್ಯೂಟರಿಗೇರಿಸಲೆಂದು ಇವರು ಕೋಡ್ ಬರೆಯಲು ಕೂತರು. ಎಕ್ಸ್‌ರೇ ವಿಭಾಗದವರು ಮೂಲೆಗೆಸೆದ ಕಂಪ್ಯೂಟರು, ಇಂಟರ್ನೆಟ್ಟಿನ ಪುಕ್ಕಟೆ ಪಾಠ, ಊಟದ ಬಿಡುವು. ಇಷ್ಟೇ ಬಂಡವಾಳ. ಅವರ ಬಗ್ಗೆ ಬರೆಯಲು ಬಂದ ನನಗೆ ಅವರೇ ಹೇಳುತ್ತಾರೆ:

“ಮೊದಲ್ನೇ ಸಲ ಪರದೆ ಮೇಲೆ ಕಿಟಕಿ, ಅದೇ ವಿಂಡೋ ಅಂತಾರಲ್ಲ, ಮಿಂಚಿನ ಹಾಗೆ ಬಂದು ಮಾಯ ಆಯ್ತು. ‘ಮುಚ್ಚೋ ತನಕ ಕಾಯ್ತಾ ಇರು’ ಅಂತ ಕೊನೇಲಿ ಒಂದು ಸಾಲು ಬರೀಬೇಕು, ಅದನ್ನೇ ಬರ್ದಿರ್ಲಿಲ್ಲ. ಎರಡು ದಿನ ತಲೆ ಕೆಡಿಸ್ಕೊಂಡೆ. ಆಮೇಲೆ ನಿಲ್ತು ನೋಡಿ, ಬರೀ ಬೂದಿ ಬಣ್ಣದ ಚೌಕ! ಅದನ್ನೇ ನೋಡ್ತಾ ಊಟ ಮರ್ತೆ.”

ಆ ಚೌಕಕ್ಕೊಂದು ತಲೆಬರಹ, ಅಂಕಿ ತುಂಬುವ ಖಾನೆಗಳು, ಕೆಳತುದಿಯಲ್ಲಿ ‘ಉಳಿಸು’ ಎಂಬ ಬಟನ್. ಕಿಟಕಿಯಕ್ಕ ಎಂಬ ಹೆಸರು ಬಿದ್ದದ್ದು ಆಗಲೇ. ಆದರೆ ಆ ಮೊದಲ ಕಿಟಕಿಯ ಮಾತೆತ್ತಿದರೆ ಈಗಲೂ ಅವರ ದನಿ ಇಳಿಯುತ್ತದೆ.

ಅದನ್ನು ಕೊಟ್ಟದ್ದು ಎರಡನೇ ಮಹಡಿಯ ಹಿರಿಯ ಗುಮಾಸ್ತೆಗೆ. ಎಲ್ಲರ ಬಾಯಲ್ಲಿ ದೊಡ್ಡಮ್ಮ. ಕಿಟಕಿಯಕ್ಕನಿಗೆ ಕೆಲಸ ಕಲಿಸಿದವರೇ ಅವರು. ದೊಡ್ಡಮ್ಮ ದಿನವಿಡೀ ಅಂಕಿ ತುಂಬುತ್ತಿದ್ದರು, ಸಂಜೆ ನೋಡಿದರೆ ಎಲ್ಲ ಖಾಲಿ. ಹೀಗೆ ಹನ್ನೊಂದು ದಿನ. “ಆ ‘ಉಳಿಸು’ ಬಟನ್ ಎಲ್ಲಮ್ಮ ಇದೆ?” ಎಂದು ಫೋನ್ ಮಾಡಿದಾಗೆಲ್ಲ ಇವರು ಕೂತಲ್ಲಿಂದಲೇ, “ಕೆಳಗೇ ಇದೆ ದೊಡ್ಡಮ್ಮ, ಸರಿಯಾಗಿ ನೋಡಿ” ಎನ್ನುತ್ತಿದ್ದರು. ಒಮ್ಮೆ ನಕ್ಕೂಬಿಟ್ಟರು. ಕೊನೆಗೆ ಮೇಲಧಿಕಾರಿ ಎಲ್ಲರೆದುರೇ, “ಇಪ್ಪತ್ತೆಂಟು ವರ್ಷ ಸರ್ವೀಸು, ಒಂದು ಬಟನ್ ಒತ್ತಕ್ಕೆ ಬರಲ್ವೇನ್ರೀ?” ಎಂದು ಕೇಳಿದರು. ಸರ್ವೀಸು ಇನ್ನೂ ಎರಡು ವರ್ಷ ಬಾಕಿಯಿರುವಾಗಲೇ ದೊಡ್ಡಮ್ಮ ನಿವೃತ್ತಿಗೆ ಬರೆದುಕೊಟ್ಟು ಹೊರಟುಹೋದರು.

ಮರುವಾರ ಇವರು ಮೊದಲ ಸಲ ಆ ಖಾಲಿ ಕುರ್ಚಿಯಲ್ಲಿ ಕೂತರು.

“ನನ್ನ ದೊಡ್ಡ ಪರದೆ ನೋಡ್ಕೊಂಡು ಕಿಟಕಿ ಎತ್ತರ ಒಂಬೈನೂರು ಚುಕ್ಕಿ, ಅಂದ್ರೆ ಪಿಕ್ಸೆಲ್, ಅಂತ ಬರ್ದಿದ್ದೆ. ಅವರ ಹಳೇ ಪರದೆ ಏಳ್ನೂರ ಅರವತ್ತೆಂಟಕ್ಕೇ ಮುಗೀತಿತ್ತು. ಬಟನ್ ಅವರಿಗೆ ಕಾಣೋ ಹಾಗೇ ಇರ್ಲಿಲ್ಲ. ‘ಇಲ್ಲಮ್ಮ, ಇಲ್ಲ’ ಅಂತಿದ್ರಲ್ಲ, ನಿಜಾನೇ ಹೇಳ್ತಿದ್ರು.”

ತಿದ್ದಲು ಹಿಡಿದದ್ದು ಅರ್ಧ ನಿಮಿಷ.

ಈಗ ಆಸ್ಪತ್ರೆಯಲ್ಲಿ ಇವರು ಬರೆದ ಹದಿನಾಲ್ಕು ಕಿಟಕಿಗಳಿವೆ. ಆ ಮೊದಲನೆಯದರ ನಂತರ, ಬಳಸುವವರ ಜಾಗದಲ್ಲಿ ತಾವು ಕೂತು ನೋಡದೆ ಒಂದನ್ನೂ ಕೊಟ್ಟಿಲ್ಲ. ಡಾಕ್ಟರುಗಳಲ್ಲಿ ಹೆಚ್ಚಿನವರಿಗೆ ಇವರ ಮುಖಪರಿಚಯವೂ ಇಲ್ಲ.

“ದೊಡ್ಡಮ್ಮನಿಗೆ ಹೇಳಿದ್ರಾ?” ಎಂದು ಕೇಳುತ್ತೇನೆ.

“ಮನೆಗೇ ಹೋಗಿ ಹೇಳ್ದೆ. ತಪ್ಪು ನನ್ದು, ನಿಮ್ದಲ್ಲ ಅಂದೆ.”

“ಏನಂದ್ರು?”

ಮಡಚಿಟ್ಟ ಚಾದರವನ್ನು ಬಿಚ್ಚಿ ಮತ್ತೆ ಮಡಚುತ್ತಾರೆ. “‘ಬಟನ್ ಇತ್ತೋ ಇಲ್ವೋ ನಂಗೇನು ಗೊತ್ತಮ್ಮ. ಹನ್ನೊಂದು ದಿನದಲ್ಲಿ ಒಂದ್ಸಲ ಬಂದು ನನ್ನ ಪಕ್ಕ ನಿಂತ್ಕೊಳ್ಳೋಕೆ ನಿಂಗೆ ಪುರುಸೊತ್ತಾಗ್ಲಿಲ್ವಲ್ಲ’ ಅಂದ್ರು. ಕಾಫಿ ಕೊಟ್ರು. ಕುಡ್ದು ಬಂದೆ. ಅವರು ಅಂದಿದ್ರಲ್ಲಿ ತಪ್ಪೇನಿದೆ, ಹೇಳಿ?”

ಅಷ್ಟರಲ್ಲಿ ಗೋಡೆಯ ಫೋನು ಹೊಡೆದುಕೊಳ್ಳುತ್ತದೆ. ಹೆರಿಗೆ ವಾರ್ಡಿನ ಹೊಸ ನರ್ಸು. ಪರದೆಯಲ್ಲಿ ಏನೋ ಸಿಗುತ್ತಿಲ್ಲವಂತೆ. ಏನು ಎಂದು ಇವರು ಕೇಳುವುದಿಲ್ಲ. ಫೋನು ಇಟ್ಟು ಲಿಫ್ಟಿನ ಗುಂಡಿ ಒತ್ತುತ್ತಾರೆ. ಅದು ಮೇಲೆಲ್ಲೋ ನಿಂತಿದೆ. ಮೊಣಕಾಲಿಗೆ ಕೈಯೂರಿ ಮೆಟ್ಟಿಲು ಹತ್ತತೊಡಗುತ್ತಾರೆ.