ಸಿದ್ದವ್ವ ಕೊಟ್ಟ ಕುಕ್ಕರ್

ಬಸವನ ಬಾಗೇವಾಡಿಯಲ್ಲಿ ಖಡಕ್ ರೊಟ್ಟಿ ಬಡಿದು ಮಾರುವ ಸಿದ್ದವ್ವನಿಗೆ ಮದುವೆಯ ಕರೆ ಬಂದರೆ ಸಾಕು, ಕುಕ್ಕರ್ ಹೊತ್ತುಕೊಂಡೇ ಹೋಗುವಳು. ಉಡುಗೊರೆಯೆಂದು ಸೀರೆ ಆಹೇರಿ ಮಾಡಿದರೆ ಉಟ್ಟು ಹರಿಯುತ್ತಾರೆ, ಗೋಡೆ ಗಡಿಯಾರ ಕೊಟ್ಟರೆ ಸೆಲ್ಲು ಮುಗಿದ ದಿನವೇ ಮರೆಯುತ್ತಾರೆ, ಕುಕ್ಕರ್ ಕೊಟ್ಟವಳನ್ನು ಮಾತ್ರ ಸೀಟಿ ಹೊಡೆದಾಗೊಮ್ಮೆ ನೆನೆಸಲೇಬೇಕು ಎಂಬುದು ಅವಳ ವಾದ. ಅವಳ ವಾದವನ್ನು ನಂಬುವುದಾದರೆ ಇಂಡಿಯಿಂದ ಮುದ್ದೇಬಿಹಾಳದವರೆಗೆ ಯಾವ ಹೊತ್ತಿನಲ್ಲೂ ಯಾವುದೋ ಒಂದು ಅಡುಗೆಮನೆ ಅವಳ ಹೆಸರು ಕೂಗುತ್ತಲೇ ಇರುತ್ತಿತ್ತು. ಅದರ ಹೆಮ್ಮೆ ಅವಳಿಗೆ ಹೊಟ್ಟೆ ತುಂಬ ಇತ್ತು, ಮುಚ್ಚಿಡುವುದೇಕೆ.

ಒಂದು ಮುಂಜಾನೆ ಪಕ್ಕದ ಮನೆಯ ಶಾಹಿಸ್ತಾ ಹೊಲಿಗೆ ಬಿಟ್ಟು ಓಡಿಬಂದಳು. ಮಂಜೂರನ ಪಾತ್ರೆ-ಭಾಂಡೆ ಅಂಗಡಿಯಲ್ಲಿ ಇಬ್ಬರೂ ಒಂದೇ ದಿನ ಒಂದೊಂದು ಕುಕ್ಕರ್ ಕೊಂಡಿದ್ದರು. ಶಾಹಿಸ್ತಾಳದು ಮನೆಗೆ, ಸಿದ್ದವ್ವನದು ಇಂಡಿಯಲ್ಲಿರುವ ತಂಗಿಯ ಮಗಳು ಸುವರ್ಣಾಳ ಮದುವೆಗೆ. ಮಂಜೂರ ಫೋನ್ ನಂಬರ್ ಕೇಳಿದಾಗ, ಅಂಗಡಿಯವರಿಗೆ ನಂಬರ್ ಕೊಟ್ಟರೆ ಮೆಸೇಜು ಕಳಿಸಿ ಜೀವ ತಿನ್ನುತ್ತಾರೆಂದು ಸಿದ್ದವ್ವ ಎರಡಕ್ಕೂ ಶಾಹಿಸ್ತಾಳ ನಂಬರನ್ನೇ ಬರೆಸಿದ್ದಳು.

"ಅಕ್ಕಾರ, ಮಂಜೂರಭಾಯಿ ಫೋನ್ ಮಾಡಿದ್ರು. ನಾವು ತಂದ ಕುಕ್ಕರ್ ಕಂಪನಿಯವರು ಹೊಳ್ಳಿ ತಗೊಳ್ಳಾಕತ್ತಾರಂತ್ರಿ."

"ಕೊಟ್ಟದ್ದನ್ನ ಹೊಳ್ಳಿ ಕೇಳ್ತಾರ? ಎಂಥಾ ಮಾನಗೇಡಿ ಮಂದಿನವಾ."

"ಹಂಗಲ್ರಿ. ಒಳಗ ಉಗಿ ಇದ್ದಾಗನ ಮುಚ್ಚಳ ತೆರಕೊಂಡು ಸಿಡಿತೈತಂತ. ತಪ್ಪು ನಮ್ಮದ, ಯಾರೂ ಬಳಸಬ್ಯಾಡ್ರಿ, ಪುಕ್ಕಟ ಹೊಸಾದು ಕೊಡ್ತೇವಿ ಅಂತ ಪೇಪರದಾಗೂ ಹಾಕ್ಯಾರ. ತಳದಾಗ ನಂಬರ ಬಡದಿರ್ತೈತಿ, ಅದನ್ನ ನೋಡಬೇಕ್ರಿ. ನನ್ನ ಕುಕ್ಕರ್ ಅದರಾಗ ಐತಿ."

ಸಿದ್ದವ್ವ ಬಡಿಯುತ್ತಿದ್ದ ರೊಟ್ಟಿ ಅಲ್ಲೇ ಬಿಟ್ಟಳು. ಸುವರ್ಣಾಳಿಗೆ ಫೋನ್ ಹಚ್ಚಿದಳು. ತಾನು ಕೊಟ್ಟ ಆಹೇರಿ ಕೆಟ್ಟದ್ದೆಂದು ಹೇಳಲು ಮಾತ್ರ ಬಾಯಿ ಬರಲಿಲ್ಲ.

"ಸುವ್ವಿ, ನಾ ಕೊಟ್ಟ ಕುಕ್ಕರ್ ಬಳಸಾಕತ್ತೀಯೇನ?"

"ದಿನಾ ಅದರಾಗನ ಬ್ಯಾಳಿ ಕುದಸ್ತೇನಿ ದೊಡ್ಡವ್ವ. ಬೆಣ್ಣಿ ಆದಂಗ ಆಗ್ತೈತಿ ನೋಡು. ಈಗೂ ಒಲಿ ಮ್ಯಾಲ ಐತಿ."

ಬೇರೆ ದಿನವಾಗಿದ್ದರೆ ಈ ಮಾತಿಗೆ ಸಿದ್ದವ್ವ ವಾರವಿಡೀ ಉಬ್ಬಿರುತ್ತಿದ್ದಳು. ಇವತ್ತು ಬೆವರಿದಳು. "ಗ್ಯಾಸ್ ಬಂದ್ ಮಾಡಿ ಹೊರಗ ನಿಲ್ಲು, ಬರ್ತೇನಿ" ಎಂದವಳೇ ಶಾಹಿಸ್ತಾಳನ್ನು ಎಳೆದುಕೊಂಡು ಬಸ್ಸು ಹತ್ತಿದಳು. ವಿಜಯಪುರದಲ್ಲಿ ಬಸ್ಸು ಬದಲಿಸುವಾಗಲೂ ಅವಳ ಕಣ್ಣ ಮುಂದೆ ಸುವರ್ಣಾಳ ಮುಖವೇ ಇತ್ತು.

ಇಂಡಿಯಲ್ಲಿ ಸುವರ್ಣಾ ನಗುನಗುತ್ತ ಚಾ ಕೊಟ್ಟಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುವ ಹಾಗೆ ಅವಳ ಕಣ್ಣು ಅತ್ತಿತ್ತ ಹೊರಳುತ್ತಿದ್ದವು. ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸಬಾರದು ಎನ್ನುತ್ತಾರೆ, ಸಿದ್ದವ್ವ ತಾನೇ ಕೊಟ್ಟ ಎಮ್ಮೆಯ ಹಲ್ಲು ಎಣಿಸಲು ನೇರ ಒಳಗೆ ನುಗ್ಗಿದಳು. ಒಲೆಯ ಮೇಲಿದ್ದ ಕುಕ್ಕರನ್ನು ಎತ್ತಿ ತಳ ನೋಡಲೆಂದು ಬೋರಲು ಮಾಡಿದ್ದೇ ತಡ, ತಣ್ಣನೆಯ ಅನ್ನವೆಲ್ಲ ಅವಳ ಸೀರೆಯ ಮೇಲೆ ಸುರಿಯಿತು.

"ಸುವ್ವಿ, ಇದು ಯಾರದು?"

"ನಿಂದ, ದೊಡ್ಡವ್ವ."

"ನಿನ್ನ ಲಗ್ನ ಆಗಿ ವರ್ಷ ತುಂಬಿಲ್ಲ, ಇದಕ್ಕ ನನ್ನ ವಯಸ್ಸಿನಷ್ಟ ಮಸಿ ಹತ್ತೇತಿ."

ಶಾಹಿಸ್ತಾ ಸೆರಗು ಬಾಯಿಗೆ ತುರುಕಿಕೊಂಡಳು. ಕುಕ್ಕರು ಸುವರ್ಣಾಳ ಪಕ್ಕದ ಮನೆಯವರದು, ಅನ್ನವೂ ಅವರದೇ. ದೊಡ್ಡವ್ವ ಆಹೇರಿಯ ತಪಾಸಣೆಗೆ ಬರುತ್ತಿದ್ದಾಳೆಂದು ಸುವರ್ಣಾ ಹಿತ್ತಲಿಂದ ಎರವಲು ತರಿಸಿದ್ದಳು.

ಸಿದ್ದವ್ವನಿಗೆ ಅಳು ಬಂತು, ಅದರ ಬೆನ್ನಿಗೆ ನಗೆಯೂ ಬಂತು. "ಅದು ಸಿಡಿಯೂ ಕುಕ್ಕರವಾ. ಯಾರ ಮಾರಿಗಾರ ಉಗಿ ಬಡಿದ್ರ ಏನ್ ಮಾಡ್ಲಿ? ಇನ್ನೊಬ್ಬರಿಗೆ ದಾಟಿಸಿದ್ರ ದಾಟಿಸೇನಿ ಅನ್ನು. ನಿಮ್ಮವ್ವ ಕೊಟ್ಟ ಡಬ್ಬಿ ಸೆಟ್ ನಾನೂ ನಮ್ಮ ಓಣಿ ರೇವವ್ವನ ಮಗಳ ಲಗ್ನಕ್ಕ ದಾಟಿಸೇನಿ."

ಆಮೇಲೆ ಸತ್ಯ ಬಂತು. ತಾಂಬಾದಲ್ಲಿರುವ ನಾದಿನಿ ವಿದ್ಯಾವತಿ ಹೊಸ ಮನೆ ಹೊಕ್ಕಾಗ ಸುವರ್ಣಾ ಅದನ್ನು ಬಿಚ್ಚದೆ ಕೊಟ್ಟಿದ್ದಳು. ಫೋನ್ ಮಾಡಿದರೆ ಅಲ್ಲಿಂದಲೂ ಅದೇ ರಾಗ. "ದಿನಾ ಅದರಾಗನ ಅನ್ನ ಮಾಡ್ತೇನ್ರಿ ವೈನಿ."

ಸಿದ್ದವ್ವ ಫೋನ್ ಕಸಿದುಕೊಂಡಳು. "ಅದು ಸಿಡಿತೈತ್ರಿ ತಂಗಿ. ಖರೇ ಹೇಳ್ರಿ."

ವಿದ್ಯಾವತಿ ರಾಗ ಬದಲಿಸಿದಳು. "ಬಿಚ್ಚೇ ಇಲ್ರಿ ಅವ್ವಾರ. ಇವತ್ತ ಸಿಂದಗ್ಯಾಗ ನಮ್ಮ ಸಂಬಂಧಿಕರ ಲಗ್ನ ಐತ್ರಿ. ಮನಿಯವರು ಮುಂಜಾನೆ ಅದನ್ನ ಆಹೇರಿಗಂತ ತಗೊಂಡು ಹೋದ್ರು, ಫೋನ್ ಮನ್ಯಾಗ ಬಿಟ್ಟಾರ."

ಸಿದ್ದವ್ವ ಮತ್ತು ಶಾಹಿಸ್ತಾ ಮತ್ತೆ ಬಸ್ಸು ಹಿಡಿದು ಸಿಂದಗಿಯ ಮಂಗಲ ಕಾರ್ಯಾಲಯ ಮುಟ್ಟುವಾಗ ಅಕ್ಷತೆ ಮುಗಿದು ಊಟ ನಡೆದಿತ್ತು. ಗುರಣ್ಣ ಎಂಬ ಹಿರಿಯರು ಮೈಕಿನಲ್ಲಿ ಆಹೇರಿ ಕೊಟ್ಟವರ ಹೆಸರು ಕೂಗುತ್ತಿದ್ದರು. ವೇದಿಕೆಯ ಪಕ್ಕದಲ್ಲಿ ಬಣ್ಣದ ಕಾಗದ ಸುತ್ತಿದ ಡಬ್ಬಿಗಳು ಆಳೆತ್ತರ ಬೆಳೆದಿದ್ದವು. ಯಾವುದರಲ್ಲಿ ಏನಿದೆಯೋ ಯಾರು ಬಲ್ಲರು. ಸಿದ್ದವ್ವ ಅನ್ನದ ಕಲೆಯ ಸೀರೆಯಲ್ಲೇ ವೇದಿಕೆ ಹತ್ತಿ ಮೈಕಿಗೆ ಕೈ ಚಾಚಿದಳು. 

"ನಾ ಬಾಗೇವಾಡಿ ಸಿದ್ದವ್ವರಿ. ಆಹೇರಿ ಕೊಡಾಕ ಬಂದಿಲ್ಲ, ಹೊಳ್ಳಿ ಒಯ್ಯಾಕ ಬಂದೇನಿ."

ಇಡೀ ಪಂಕ್ತಿ ಊಟ ಬಿಟ್ಟು ತಲೆ ಎತ್ತಿತು. ಅವಳು ಕಂಪನಿಯ ಹೆಸರು ಹೇಳಿದಳು, ಆ ಕುಕ್ಕರ್ ಸಿಡಿಯುತ್ತದೆಂದಳು, ತಳದ ನಂಬರು ನೋಡಿರೆಂದಳು, ಶಾಹಿಸ್ತಾ ಫೋನಿನಲ್ಲಿ ನೋಡಿ ನಂಬರು ಕೂಗಿದಳು. ಬೀಗರೊಬ್ಬರು ಮಾನ ಹೋಯಿತೆಂದು ಗೊಣಗಿದರು. ಎರಡನೆಯ ಸಾಲಿನ ಹೆಂಗಸೊಬ್ಬಳು ಮಾತ್ರ ಎಲೆ ಬಿಟ್ಟೆದ್ದು, "ನಮ್ಮ ಮನ್ಯಾಗೂ ಐತ್ರಿ, ಅತ್ತಿ ಈಗ ಅಡಗಿ ಮಾಡಾಕತ್ತಿರ್ತಾಳ" ಎಂದು ಫೋನ್ ಹುಡುಕುತ್ತ ಹೊರಗೋಡಿದಳು. ಆಮೇಲೆ ಯಾರೂ ಗೊಣಗಲಿಲ್ಲ.

ವಿದ್ಯಾವತಿಯ ಗಂಡ ಚೇತನಕುಮಾರ ತಲೆ ತಗ್ಗಿಸಿಕೊಂಡು ಬಂದು ರಾಶಿಯನ್ನು ತಡಕಾಡಿದ. ಡಬ್ಬಿ ಅಲ್ಲಿರಲಿಲ್ಲ. ಮದುಮಗಳೇ ತನ್ನ ಕುರ್ಚಿಯ ಹಿಂದಿನಿಂದ ಅದನ್ನು ತೆಗೆದು ಕೊಟ್ಟಳು. ಕಾಗದ ಆಗಲೇ ಹರಿದಿತ್ತು.

"ನಾವಿಬ್ಬರ ಬ್ಯಾರೆ ಮನಿ ಮಾಡವರ್ರಿ" ಎಂದಳು ಮೆಲ್ಲಗೆ. "ಎಲ್ಲಾ ಗಡಿಯಾರನ ಬಂದಾವು. ಕುಕ್ಕರ್ ಇದೊಂದ. ನಾಳೆ ಇದರಾಗ ಅನ್ನ ಮಾಡಬೇಕಂತ ಎತ್ತಿಟ್ಟಿದ್ನಿರಿ."

ಸಿದ್ದವ್ವ ಆ ಹುಡುಗಿಯ ಅರಿಸಿನ ಹತ್ತಿದ ಗಲ್ಲ ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಅವಳ ಕುಕ್ಕರನ್ನು ಯಾರಿಗೂ ದಾಟಿಸದೆ ಅನ್ನಕ್ಕೆಂದು ಎತ್ತಿಟ್ಟವಳು ಇವಳೊಬ್ಬಳೇ.

"ಇದರ ಬದ್ಲಿ ಹೊಸಾದು ನಾನ ತಗೊಂಡು ಬರ್ತೇನಿ ಮಗಳ" ಎಂದಳು. "ಅಲ್ಲೀಮಟ ಅನ್ನ ಬೋಗುಣ್ಯಾಗ ಮಾಡು."