ಉಡಿ ತುಂಬಿಸಿಕೊಂಡು ಓಡಿದ ರಾತ್ರಿ

ಯಾರ ನೆರವೂ ಇಲ್ಲದೆ ಒಬ್ಬಳೇ ಓಡುತ್ತೇನೆ ಎಂದರೆ ಅರ್ಥವಾಗದಷ್ಟು ಕಷ್ಟದ ಕನ್ನಡವೇ ಅದು? ಅಣ್ಣನಿಗೆ ಬಿಡಿಸಿ ಬಿಡಿಸಿ ಹೇಳಿದ್ದೆ. ವಿಶಾಖಪಟ್ಟಣದ ನಮ್ಮ ಮನೆಯಿಂದ ಕಡಲ ದಂಡೆ, ಕೆಮ್ಮಣ್ಣು ದಿಬ್ಬಗಳ ಕಾಲುದಾರಿ ಹಿಡಿದು ಭೀಮಿಲಿಗೆ, ಅಂದರೆ ಭೀಮುನಿಪಟ್ಟಣಕ್ಕೆ, ಹೋಗಿ ಬರುವುದು. ರಾತ್ರಿಯಿಡೀ ಓಟ. ನೀರು, ತಿನಿಸು, ಟಾರ್ಚು ಎಲ್ಲ ನನ್ನ ಬೆನ್ನ ಮೇಲೆ. ಊರ ನಲ್ಲಿಯಲ್ಲಿ ಎಲ್ಲರಂತೆ ನೀರು ಹಿಡಿಯಬಹುದು. ನನಗಾಗಿ ಮಾತ್ರ ಯಾರೂ ಎಲ್ಲಿಯೂ ಕಾದಿರಬಾರದು.

ಗಂಡ ನೌಕಾಪಡೆಯವನು. ಅವನು ಹಡಗು ಹತ್ತಿದ್ದೇ ತಡ, ಕಾಲೊನಿಯವರಿಗೂ ತವರಿನವರಿಗೂ ನನ್ನನ್ನು ಕಾಯುವ ಕೆಲಸ. ತರಕಾರಿ ತರಲು ಹೋದರೂ ಜೊತೆಗೊಬ್ಬರು. ನನಗೆ ಸಾಕಾಗಿತ್ತು. ಒಂದೇ ಒಂದು ರಾತ್ರಿ ನನ್ನದೇ ಆಗಿರಲಿ ಎಂದು ಇಡೀ ವರ್ಷ ತಯಾರಿ ನಡೆಸಿದ್ದೆ.

ಅಣ್ಣನಿಗೆ ವಿಜಯವಾಡದ ಆಸ್ಪತ್ರೆಯೊಂದರಲ್ಲಿ ಕೆಲಸ. ಅವನೂ ಅವನ ಹೆಂಡತಿ, ನನ್ನ ವೈನಿಯೂ ಆ ಶನಿವಾರ ನಮ್ಮ ಮನೆಗೆ ಬಂದಿದ್ದರು. ಆಟೋದಲ್ಲಿ ಹಿಂದೆ ಬರುತ್ತೇನೆ ಎಂದ ಅಣ್ಣ. ಬೇಡ ಎಂದೆ. ಇಬ್ಬರೂ ಆಯಿತೆಂದು ತಲೆಯಾಡಿಸಿದರು. ವೈನಿ ತಮ್ಮೂರ ಇಂದ್ರಕೀಲಾದ್ರಿ ಬೆಟ್ಟದ ದೇವಿಯ ಕುಂಕುಮ ಹಚ್ಚಿ ಕಳಿಸಿದಳು.

ಕೆಮ್ಮಣ್ಣು ದಿಬ್ಬಗಳ ನಡುವೆ ಮೊದಲ ಬಾಟಲಿ ಖಾಲಿಯಾಯಿತು. ಎರಡನೆಯದಕ್ಕೆಂದು ಬೆನ್ನಚೀಲಕ್ಕೆ ಕೈ ಹಾಕಿದರೆ ಸಿಕ್ಕಿದ್ದು ಒಂದು ಗಂಟು. ಟಾರ್ಚು ಬಿಟ್ಟು ನೋಡಿದೆ. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು, ಅಡಿಕೆ, ಮೇಲೊಂದು ಕುಪ್ಪಸದ ಖಣ. ಮನೆಯಿಂದ ಹೊರಟ ಹೆಣ್ಣುಮಗಳಿಗೆ ತುಂಬುವ ಉಡಿ. ಬಾಟಲಿ ಇಲ್ಲ. ಮೈಯೆಲ್ಲ ಉರಿದುಹೋಯಿತು. ಅಲ್ಲೇ ನಿಂತು ವೈನಿಗೆ ಫೋನು ಮಾಡಿದೆ.

"ಖಾಲಿ ಉಡೀಲೆ ನಿನ್ನ ಹೆಂಗ ಕಳಸಲಿ ತಂಗಿ? ಜಾಗಾ ಸಾಲಲಿಲ್ಲ, ಬಾಟ್ಲಿ ತಗದೆ. ಚಿಂತಿ ಮಾಡಬ್ಯಾಡ, ನಿಮ್ಮಣ್ಣ ಅದನ್ನ ತಗೊಂಡು ಭೀಮಿಲಿಗೆ ಹೋಗ್ಯಾರ."

ಅಂದರೆ ಮೊದಲೇ ಇಬ್ಬರೂ ಮಾತಾಡಿಕೊಂಡಿದ್ದರು. ನಾನು ಬೇಡ ಎಂದದ್ದಕ್ಕೆ ಮೂರು ಕಾಸಿನ ಬೆಲೆಯಿಲ್ಲ. ಉಳಿದ ದಾರಿಯನ್ನು ಒಣಗಿದ ಬಾಯಲ್ಲಿ, ಅವರಿಬ್ಬರನ್ನೂ ಬಯ್ಯುತ್ತಲೇ ಓಡಿದೆ. ಸಿಟ್ಟಿಗೆ ಕಾಲು ನೋವು ಕೂಡ ಗೊತ್ತಾಗಲಿಲ್ಲ.

ಭೀಮಿಲಿಯ ಬೆಸ್ತರ ಕೇರಿಯ ಬಾಯಲ್ಲೇ ಆಟೋ ನಿಂತಿತ್ತು. ಅಣ್ಣ ನನ್ನ ಬಾಟಲಿ ಚಾಚಿದ. ಮುಟ್ಟಲಿಲ್ಲ. ಕೇರಿಯ ನಲ್ಲಿಗೆ ಹೋದೆ. ತಿರುಗಿಸಿದರೆ ಒಂದು ಹನಿಯಿಲ್ಲ. ನೀರು ಬರುವುದು ನಸುಕಿಗೆ. ನಲ್ಲಿಯ ಮುಂದೆ ಮನೆಯವರು ಮಲಗುವ ಮುಂಚೆ ಇಟ್ಟುಹೋದ ಬಿಂದಿಗೆಗಳ ಸಾಲಿತ್ತು. ನನ್ನ ಖಾಲಿ ಬಾಟಲಿಯನ್ನು ಕೊನೆಯ ಬಿಂದಿಗೆಯ ಹಿಂದಿಟ್ಟು ಕೂತೆ.

ಅಣ್ಣ ಬಂದು ಪಕ್ಕದಲ್ಲಿ ನಿಂತ. ಹಟ ಬಿಡು, ಯಾರು ನೋಡುತ್ತಾರೆ ಎಂದ. ನಾನು ಗಂಟು ತೆಗೆದು ಅವನ ಮುಂದೆ ಹಿಡಿದೆ. ಅವನು ಕೈ ಹಿಂದಕ್ಕೆ ಎಳೆದುಕೊಂಡ.

"ಉಡಿ ತುಂಬಿದ್ದು ಯಾರರ ವಾಪಸ್ ಕೊಡ್ತಾರೇನವಾ?"

"ಹೊಂಟಾಕಿ ನೀರು ಯಾರರ ಹೇಳದ ತಗೀತಾರೇನಣ್ಣ?"

ಅವನು ಆಟೋಗೆ ಹೋಗಿ ಕೂತ. ನಸುಕಿನಲ್ಲಿ ನಲ್ಲಿ ಗೊರಗೊರ ಎಂದಿತು. ಹೆಂಗಸರು ಬಂದು ತುಂಬಿಕೊಂಡರು. ನನ್ನ ಪಾಳಿ ಬಂದಾಗ ಹೊಟ್ಟೆ ತುಂಬ ಕುಡಿದು, ಬಾಟಲಿ ತುಂಬಿಕೊಂಡೆ. ಗಂಟನ್ನು ಮತ್ತೆ ಬೆನ್ನಿಗೇರಿಸಿದೆ. ದಾರಿಯಲ್ಲಿ ಎಸೆಯಬಹುದಿತ್ತು, ಆದರೆ ನನ್ನ ಬೆನ್ನ ಮೇಲೆ ಬಂದದ್ದನ್ನು ನಾನೇ ಹೊರುತ್ತೇನೆ ಎಂದು ಹಲ್ಲು ಕಚ್ಚಿ ಓಡಿದೆ. ಬಿಸಿಲೇರುವ ಹೊತ್ತಿಗೆ ಮನೆ ಮುಟ್ಟಿ, ಅದನ್ನು ವೈನಿಯ ಎದುರು ಮೇಜಿನ ಮೇಲಿಟ್ಟು ಸ್ನಾನಕ್ಕೆ ಹೋದೆ.

ಈಗಲೂ ಮನೆಯಲ್ಲಿ ಆ ಓಟದ ಮಾತು ಬರುತ್ತದೆ. ಭೀಮಿಲಿಯಲ್ಲಿ ಅಣ್ಣ ನೀರು ಹಿಡಿದು ನಿಂತಿದ್ದಕ್ಕೆ ಹುಡುಗಿ ಬದುಕಿದಳು ಎಂದೇ ಎಲ್ಲರೂ ಹೇಳುತ್ತಾರೆ. ಅಣ್ಣ ಅಲ್ಲೇ ಕೂತಿರುತ್ತಾನೆ, ಒಮ್ಮೆಯೂ ಅಲ್ಲ ಎಂದಿಲ್ಲ.