ಶಾಂತಕ್ಕನ ಆರು ಗಂಟೆ

ನ್ಯೂಯಾರ್ಕ್ ಪಕ್ಕದ ಎಡಿಸನ್‌ಗೆ ಬಂದ ಮೇಲಿನ ಮೊದಲ ಮಾರ್ಚ್. ಭಾನುವಾರ ಎದ್ದು ಅಡುಗೆಮನೆಗೆ ಹೋದರೆ ಓವನ್ನಿನ ಗಡಿಯಾರ ಏಳು ತೋರಿಸುತ್ತಿದೆ, ಕೈಯಲ್ಲಿದ್ದ ಫೋನು ಎಂಟು ತೋರಿಸುತ್ತಿದೆ. ಫೋನು ಕೆಟ್ಟಿದೆ ಎಂದುಕೊಂಡು ಎರಡು ಸಲ ಆಫ್ ಮಾಡಿ ಆನ್ ಮಾಡಿದೆ. ಸೀರಿಯಲ್ ತಿನ್ನುತ್ತಿದ್ದ ಮಗಳು ಮೇಘಾ ತಲೆ ಎತ್ತದೆಯೇ, "ಅಮ್ಮ, ದೆ ಚೇಂಜ್ಡ್ ದಿ ಟೈಮ್" ಎಂದಳು. ಯಾರು ಬದಲಾಯಿಸಿದರು? ಯಾರನ್ನು ಕೇಳಿ? ಮನೆ ಮಾಲೀಕ ಕೂಡ ಬಾಡಿಗೆ ಏರಿಸುವ ಮೊದಲು ಒಂದು ಮಾತು ಹೇಳುತ್ತಾನೆ. ಇವರು ನಾವು ಮಲಗಿದ್ದಾಗ ಒಂದು ಗಂಟೆಯನ್ನೇ ಎತ್ತಿಕೊಂಡು ಹೋಗಿದ್ದರು.

ಇದಕ್ಕೆ ಇಲ್ಲಿ ಡೇಲೈಟ್ ಸೇವಿಂಗ್ ಎನ್ನುತ್ತಾರೆ, ಹಗಲ ಬೆಳಕಿನ ಉಳಿತಾಯ. ಮಾರ್ಚ್‌ನಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ, ನವೆಂಬರ್‌ನಲ್ಲಿ ಮತ್ತೆ ಹಿಂದಕ್ಕೆ. ಬೆಳಗಿನ ಬೆಳಕನ್ನು ಸಂಜೆಗೆ ಸಾಗಿಸಿ ಅದನ್ನು ಉಳಿತಾಯ ಎಂದು ಕರೆಯುವ ಧೈರ್ಯಕ್ಕೆ ಏನು ಹೇಳಬೇಕೋ ನನಗೆ ತಿಳಿಯದು. ನಮ್ಮ ರಾಜ್ಯದ ಕಲಬುರಗಿ ಕಡೆ ಬಿಸಿಲು ಜೋರಾದರೆ ಸರ್ಕಾರಿ ಕಚೇರಿಗಳು ಬೆಳಿಗ್ಗೆ ಬೇಗ ತೆರೆದು ಮಧ್ಯಾಹ್ನಕ್ಕೆ ಮುಚ್ಚುತ್ತವೆ. ಜನ ಬೇಗ ಏಳುತ್ತಾರೆ, ಗಡಿಯಾರವನ್ನು ಯಾರೂ ಮುಟ್ಟುವುದಿಲ್ಲ. ಇಷ್ಟು ಸರಳ ಬುದ್ಧಿ ಇಷ್ಟು ದೊಡ್ಡ ದೇಶಕ್ಕೆ ಯಾಕೆ ಹೊಳೆಯಲಿಲ್ಲ ಎಂದು ನನಗೆ ಇಂದಿಗೂ ಸಿಟ್ಟಿದೆ.

ಸಿಟ್ಟಿಗೆ ಕಾರಣ ನಿದ್ದೆಯಲ್ಲ, ಸಂಗೀತ. ಧಾರವಾಡದಲ್ಲಿ ಹನ್ನೆರಡನೇ ವಯಸ್ಸಿನಿಂದ ಶಾಂತಕ್ಕನ ಬಳಿ ಹಿಂದೂಸ್ತಾನಿ ಕಲಿತವಳು ನಾನು. ಇಲ್ಲಿಗೆ ಬಂದ ಮೇಲೆ ಅವರು ದೊಡ್ಡ ಮನಸ್ಸು ಮಾಡಿ, ಪ್ರತಿ ಬುಧವಾರ ಸಂಜೆ ಆರಕ್ಕೆ ಫೋನಿನಲ್ಲಿ ಪಾಠ ಹೇಳಲು ಒಪ್ಪಿದರು. ಅವರ ಸಂಜೆ ಆರೆಂದರೆ ಚಳಿಗಾಲದಲ್ಲಿ ನನಗೆ ಬೆಳಗಿನ ಏಳೂವರೆ. ಹಗಲು ರಾತ್ರಿ ಅದಲುಬದಲು ಮಾಡಿ ಒಂದೂವರೆ ಗಂಟೆ ಸೇರಿಸು, ಇದು ಇಲ್ಲಿಯ ನಮ್ಮವರೆಲ್ಲರ ಲೆಕ್ಕ. ಪಾಠ ಮುಗಿಸಿ, ಕೋಟು ಹಾಕಿಕೊಂಡು ಓಡಿದರೆ ನ್ಯೂಯಾರ್ಕಿನ ಟ್ರೈನು ಸಿಗುತ್ತಿತ್ತು. ಹೊರಗೆ ಸೂರ್ಯ ಏಳುತ್ತಿರುವಾಗ ನಾನು ಪೂರಿಯಾ ಧನಾಶ್ರೀ ಹಾಡುತ್ತಿದ್ದೆ. ಅದು ಸೂರ್ಯ ಮುಳುಗುವಾಗ ಹಾಡುವ ರಾಗ. ಹೀಗೆ ಮಾಡಬಹುದೇ ಎಂದು ಕೇಳಿದ್ದಕ್ಕೆ ಶಾಂತಕ್ಕ, "ಕಲಿಸಾಕಿ ಎಲ್ಲಿರ್ತಾಳ, ರಾಗದ ಹೊತ್ತೂ ಅಲ್ಲೇ ಇರ್ತದ" ಎಂದಿದ್ದರು.

ಆ ಮಾರ್ಚ್‌ನ ಬುಧವಾರ ಹಳೆಯ ಲೆಕ್ಕದಲ್ಲೇ ಏಳೂವರೆಗೆ ಫೋನ್ ಮಾಡಿದೆ. ಶಾಂತಕ್ಕ ಎತ್ತಿದರು, ಹಿಂದೆ ಪಾತ್ರೆ ತೊಳೆಯುವ ಸದ್ದು.

"ಈಗ ಐದು ಗಂಟೆಯವಾ. ಬಿಸಿಲು ಇನ್ನೂ ಅಂಗಳದಾಗ ಐತಿ."

ಗಡಿಯಾರದ ಕಥೆ ಹೇಳಿದೆ. ಇನ್ನು ನವೆಂಬರ್ ತನಕ ಅವರ ಆರು ಗಂಟೆ ನನ್ನ ಎಂಟೂವರೆ, ಆ ಹೊತ್ತಿಗೆ ನಾನು ಟ್ರೈನಿನಲ್ಲಿರುತ್ತೇನೆ, ದಯವಿಟ್ಟು ಪಾಠವನ್ನು ಐದಕ್ಕೆ ತನ್ನಿ ಎಂದು ಬೇಡಿಕೊಂಡೆ.

"ನಿಮ್ಮ ಸರ್ಕಾರ ಮುಳ್ಳು ತಿರುವಿದ್ರ ಸೂರ್ಯಾ ತಿರುಗ್ತಾನೇನು? ಐದಕ್ಕ ಆ ರಾಗ ನನ್ನ ಬಾಯಾಗ ಬರೂದಿಲ್ಲ. ಮತ್ತ ಚಳಿಗಾಲಕ್ಕ ಬಾ."

ಬೇರೆ ರಾಗ ಕಲಿಸಿ ಎನ್ನಬಹುದಿತ್ತು. ಆದರೆ ಒಂದು ರಾಗ ಕೈಗೆ ಹತ್ತುವ ತನಕ ಶಾಂತಕ್ಕ ಇನ್ನೊಂದನ್ನು ಕೊಡುವವರಲ್ಲ. ಹೀಗೆ ನಾನು ವರ್ಷಕ್ಕೆ ನಾಲ್ಕು ತಿಂಗಳ ಶಿಷ್ಯೆಯಾದೆ. ನವೆಂಬರ್‌ನಿಂದ ಮಾರ್ಚ್ ತನಕ ಕಲಿತದ್ದು ಬೇಸಿಗೆಯಲ್ಲಿ ಕರಗಿಹೋಗುತ್ತಿತ್ತು. ನವೆಂಬರ್‌ನಲ್ಲಿ ಮತ್ತೆ ಮೊದಲಿನಿಂದ ಶುರು. ನಾಲ್ಕು ವರ್ಷವಾಯಿತು, ರಾಗ ಇನ್ನೂ ಹತ್ತಿಲ್ಲ. ಶಾಂತಕ್ಕನಿಗೆ ಈಗ ಎಪ್ಪತ್ತೆಂಟು.

ಈ ಗಡಿಯಾರದ ಆಟ ನಿಲ್ಲಬೇಕು ಎಂದು ಇಲ್ಲಿ ಗೊಣಗದವರೇ ಇಲ್ಲ. ವರ್ಷಕ್ಕೆರಡು ಸಲ ರೇಡಿಯೋದಲ್ಲಿ ಚರ್ಚೆ, ಆಫೀಸಿನ ಕಾಫಿ ಯಂತ್ರದ ಮುಂದೆ ಆಕಳಿಕೆ, ಮುಂದಿನ ವಾರ ಎಲ್ಲರಿಗೂ ಮರೆವು. ಕಳೆದ ನವೆಂಬರ್‌ನಲ್ಲಿ ಪಕ್ಕದ ಮನೆಯ ಮೈಸೂರಿನ ಅಂಕಲ್ ಕೂಡ ನನ್ನ ಜೊತೆ ದನಿಗೂಡಿಸಿದರು. ಮೂವತ್ತು ವರ್ಷದಿಂದ ಇಲ್ಲಿರುವವರು, ಸಂಜೆ ವಾಕಿಂಗ್ ತಪ್ಪಿಸದವರು.

"ಖಂಡಿತ ನಿಲ್ಲಿಸಬೇಕಮ್ಮ. ಬೇಸಿಗೆ ಟೈಮನ್ನೇ ಪರ್ಮನೆಂಟ್ ಮಾಡ್ಬಿಟ್ರೆ ಆಯ್ತು."

ನಾನು ಬೆಚ್ಚಿದೆ. "ಬೇಸಿಗೆ ಟೈಮಾ? ಚಳಿಗಾಲದ್ದು ಇರಲಿ ಅಂಕಲ್, ಅದೇ ನಿಜವಾದ ಹೊತ್ತು."

"ಅಯ್ಯೋ, ನಾಲ್ಕೂವರೆಗೆ ಕತ್ತಲಾದ್ರೆ ಏನು ಮಾಡೋದು? ಯಾರು ಒಪ್ತಾರೆ?"

ಮನೆಗೆ ಬಂದು ಮೇಘಾಗೆ ದೂರು ಹೇಳಿದರೆ, "ಬಟ್ ಅಮ್ಮ, ಐ ನೀಡ್ ದಿ ಲೈಟ್ ಫಾರ್ ಸಾಕರ್" ಎಂದಳು. ಸಂಜೆ ಫುಟ್‌ಬಾಲ್ ಆಡುವವಳು, ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದೇ ನನ್ನನ್ನು ಇನ್ನಷ್ಟು ಕೆರಳಿಸಿತು. ನಾನು ಕೂಗಿ ಕೂಗಿ ಬೇಡುತ್ತಿರುವುದನ್ನು ಇವರು ಬೇಸಿಗೆ ಟೈಮಿಗೇ ಮುಳ್ಳು ನಿಲ್ಲಿಸಿ ಕೊಟ್ಟೇಬಿಟ್ಟರೆ, ಶಾಂತಕ್ಕನ ಆರು ಗಂಟೆ ನನಗೆ ಹನ್ನೆರಡು ತಿಂಗಳೂ ಇಲ್ಲವಾಗುತ್ತದೆ. ಮುಳ್ಳು ತಿರುಗುತ್ತಿದ್ದರೆ ನಾಲ್ಕು ತಿಂಗಳಾದರೂ ಸಿಗುತ್ತದೆ. ಈಗ ರೇಡಿಯೋದಲ್ಲಿ ಆ ಮಾತು ಬಂದರೆ ನಾನೇ ಚಾನೆಲ್ ಬದಲಾಯಿಸುತ್ತೇನೆ.

ಇನ್ನೂ ನಾಚಿಕೆಯ ಸಂಗತಿ ಹೇಳಲೇ? ಹೋದ ಮೇ ತಿಂಗಳಲ್ಲಿ ಧಾರವಾಡಕ್ಕೆ ಹೋಗಿದ್ದಾಗ, ಅಂಗಡಿಗೆ ಹೊರಟವಳು, "ಏಳಕ್ಕೇ ಕತ್ತಲಾಗಿಬಿಟ್ಟಿತಲ್ಲ" ಎಂದು ಗೊಣಗಿದೆ. ತಂಗಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇಲ್ಲಿ ಯಾವತ್ತ ಎಂಟರ ತನಕ ಬೆಳಕಿತ್ತ?" ಎಂದಳು.

ಈ ಮಾರ್ಚ್‌ನಲ್ಲಿ ಶಾಂತಕ್ಕ ತಾವಾಗಿಯೇ ಒಂದು ದಾರಿ ಹೇಳಿದರು. "ಟ್ರೈನಿನ್ಯಾಗ ಹಾಡಬ್ಯಾಡ. ಕಿವಿಗೆ ಹಚ್ಚಿಕೊಂಡು ಕೇಳು, ಸಾಕು." ಹಾಗಾಗಿ ಬುಧವಾರ ಎಂಟೂವರೆಗೆ ಕಿಟಕಿ ಬದಿಯ ಸೀಟು ಹಿಡಿಯುತ್ತೇನೆ. ಬೆಳಗಿನ ಆ ಬೋಗಿಯಲ್ಲಿ ಯಾರೂ ಗಟ್ಟಿಯಾಗಿ ಉಸಿರೂ ಬಿಡುವುದಿಲ್ಲ. ನನ್ನ ಕಡೆಯ ಸದ್ದು ಬಂದ್ ಮಾಡಿ ಕೂರುತ್ತೇನೆ. ಧಾರವಾಡದಲ್ಲಿ ಹೊತ್ತು ಮುಳುಗುತ್ತಿರುತ್ತದೆ. ಶಾಂತಕ್ಕ ಒಂದು ಸಾಲು ಹಾಡುತ್ತಾರೆ, ಆಮೇಲೆ ನಿಲ್ಲಿಸುತ್ತಾರೆ. ಅದು ಶಿಷ್ಯೆ ತಿರುಗಿ ಹಾಡಬೇಕಾದ ಜಾಗ. ಐವತ್ತು ವರ್ಷದ ಅಭ್ಯಾಸ, ನಾನು ಹಾಡುವುದಿಲ್ಲ ಎಂದು ಗೊತ್ತಿದ್ದರೂ ಅವರಿಂದ ನಿಲ್ಲಿಸದೆ ಇರಲಾಗುವುದಿಲ್ಲ. ನಾನು ತುಟಿ ಬಿಗಿಹಿಡಿದು ಕೂತಿರುತ್ತೇನೆ. ತಂಬೂರಿಯೊಂದೇ ಕೇಳುತ್ತಿರುತ್ತದೆ. ಸ್ವಲ್ಪ ಕಾಯುತ್ತಾರೆ. ನಂತರ ನನ್ನ ಸಾಲನ್ನೂ ಅವರೇ ಹಾಡಿಕೊಳ್ಳುತ್ತಾರೆ.